ತಂಗಿಯ ಬಾಡಿಗೆ ಮನೆ

ಶ್ರೀರಂಗಪಟ್ಟಣ
6 ಜನವರಿ 2025

ಅಕ್ಕಾ,

ನಿನ್ನ ಫೋನಿಗೆ ಏನು ಹೇಳಿದರೂ ಟೀವಿ ಮುಂದೆ ಕೂತ ನಿಮ್ಮತ್ತೆಗೇ ಮೊದಲು ಕೇಳಿಸುತ್ತದೆ. ಮೆಸೇಜು ಹಾಕೋಣವೆಂದರೆ ಅದನ್ನು ನಿನ್ನ ಮಗಳು ಪವಿತ್ರ ಓದಿ ಎಲ್ಲರಿಗೂ ಸಾರುತ್ತಾಳೆ. ಹಾಗಾಗಿ ಕಾಗದವೇ ಗತಿ. ಎಳನೀರು ತುಂಬಿಕೊಳ್ಳಲು ಬೂಕನಕೆರೆಗೆ ಬರುವ ಟೆಂಪೋ ಮುಬಾರಕ್ ಕೈಲಿ ಕೊಡುತ್ತಿದ್ದೇನೆ. "ಪ್ರಮೀಳಕ್ಕನ ಕೈಗೇ ಕೊಡ್ತೀನಿ, ಬ್ಯಾರೆಯೋರ ಕೈಗೆ ಕೊಡಕ್ಕಿಲ್ಲ" ಎಂದು ಮಾತು ಕೊಟ್ಟಿದ್ದಾನೆ.

ಮನೆ ಹುಡುಕಿ ಹುಡುಕಿ ಕಾಲು ಬಿದ್ದುಹೋಗಿವೆ. ತಾಲ್ಲೂಕಿನವರ ಜಮೀನನ್ನೆಲ್ಲ ಅಳೆದು ಕಲ್ಲು ನೆಡಿಸುವ ಸರ್ವೆಯರ್ ನಾನು, ನನಗೊಂದು ಹತ್ತಡಿ ಕೋಣೆ ಸಿಗುತ್ತಿಲ್ಲ ನೋಡು. ಪೀಜಿಯಲ್ಲಿ ನಾವು ಮೂವರು. ಒಬ್ಬಳಿಗೆ ಲೈಟು ಬೇಕು, ಒಬ್ಬಳಿಗೆ ಕತ್ತಲೆ ಬೇಕು, ನನಗೆ ಇಬ್ಬರೂ ಬೇಡ. ಬ್ರೋಕರ್ ಕುಮಾರ್ ಇದುವರೆಗೆ ಒಂಬತ್ತು ಮನೆ ತೋರಿಸಿದ. ಒಂದರಲ್ಲಿ ಬಚ್ಚಲು ಮೆಟ್ಟಿಲ ಕೆಳಗೆ, ಬಗ್ಗಿಕೊಂಡೇ ಸ್ನಾನ ಮಾಡಬೇಕು. ಇನ್ನೊಂದರ ಬಾಡಿಗೆ ಕೇಳಿ ನಾನೇ ವಾಪಸ್ಸು ಬಂದೆ. ಉಳಿದವರದ್ದೆಲ್ಲ ಒಂದೇ ಪ್ರಶ್ನೆ, "ಒಬ್ರೇನಾ ಮೇಡಂ? ನಿಮ್ಮೋರು ಏನ್ ಮಾಡ್ಕಂಡವ್ರೆ?"

ಈಗ ಗಂಜಾಂನಲ್ಲಿ ಒಂದು ಸಿಕ್ಕಿದೆ ಅಕ್ಕ! ರಿಟೈರಾದ ಚಲುವಯ್ಯ ಮೇಷ್ಟ್ರ ಮನೆಯ ಮಹಡಿ. ಒಂದು ಹಾಲ್, ಒಂದು ಬೆಡ್‌ರೂಮು, ಪುಟ್ಟ ಅಡುಗೆಮನೆ, ಪೂರ್ವಕ್ಕೆ ಕಿಟಕಿ. ಬಾಡಿಗೆ ಆರು ಸಾವಿರ, ನನ್ನ ಸಂಬಳಕ್ಕೆ ಸರಿಯಾಗಿದೆ. ದಿಲೀಪನೂ ನಾನೂ ಒಪ್ಪಿಕೊಂಡೇ ಡೈವೋರ್ಸಿಗೆ ಅರ್ಜಿ ಹಾಕಿದ್ದೇವೆ, ಮಾರ್ಚ್ ಇಪ್ಪತ್ತಕ್ಕೆ ಕೊನೇ ತಾರೀಖು ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಮುಖ ಸಿಂಡರಿಸಲಿಲ್ಲ. "ಅದು ನಿಮ್ ವಿಚಾರ ಕಣಮ್ಮ. ಆದ್ರೆ ನಿಮ್ ಕಡೆ ಹಿರೀಕರು ಒಬ್ರು ನಂತಾವ ಮಾತಾಡ್ಲಿ. ಹೆಣ್ಣು ತರಕ್ಕೆ ಮುಂಚೆ ಊರಲ್ಲಿ ವಿಚಾರ್ಸಕ್ಕಿಲ್ವಾ, ಮನೆ ಕೊಡಕ್ಕೂ ಅಂಗೇಯ" ಅಂದರು. ನಿನ್ನ ನಂಬರ್ ಕೊಟ್ಟಿದ್ದೇನೆ. ಫೋನ್ ಬಂದಾಗ ಎರಡು ಒಳ್ಳೆಯ ಮಾತಾಡು, ಸಾಕು.

ನಿನ್ನ
ಅರ್ಪಿತ


ಬೂಕನಕೆರೆ
15 ಜನವರಿ 2025

ಅರ್ಪಿ,

ಎಳ್ಳುಬೆಲ್ಲ, ಎರಡು ಜಲ್ಲೆ ಕಬ್ಬು, ಸೊಗಡವರೆಕಾಯಿ ಕಳಿಸಿದ್ದೇನೆ. ಅವರೆಕಾಯಿಯನ್ನು ನಿಮ್ಮ ಪೀಜಿಯವಳಿಗೆ ಕೊಟ್ಟರೆ ಹಾಳುಮಾಡುತ್ತಾಳೆ, ನೀನೇ ಸುಲಿದು ಉಪ್ಪು ಹಾಕಿ ಬೇಯಿಸಿಕೊ.

ಹಬ್ಬ ಆಯಿತು. ಹನ್ನೊಂದು ಜನಕ್ಕೆ ಪೊಂಗಲ್ ಮಾಡಿದೆ. ಹದಿಮೂರು ಹಸುಗಳ ಕೊಂಬಿಗೆ ಬಣ್ಣ ಬಳಿದೆ. ನಿನ್ನ ಭಾವ ಎಂದಿನಂತೆ ಕಿಚ್ಚು ಹಾಯಿಸಿ ಬಂದು ಮಲಗಿದರು. ಈ ಕಾಗದವನ್ನು ಕೊಟ್ಟಿಗೆಯಲ್ಲಿ ಹಾಲಿನ ಕ್ಯಾನಿನ ಮೇಲೆ ಕೂತು ಬರೆಯುತ್ತಿದ್ದೇನೆ, ಸಗಣಿ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಓದು.

ಪೂರ್ವಕ್ಕೆ ಕಿಟಕಿಯಂತೆ! ಒಬ್ಬಳಿಗೊಂದು ಅಡುಗೆಮನೆಯಂತೆ! ಅಬ್ಬಬ್ಬಾ, ಏನು ಯೋಗ ನಿಂದು. ನಮ್ಮ ಮನೆಯಲ್ಲಿ ಬಾಗಿಲಿರುವ ಕೋಣೆ ಒಂದೇ ಎಂಬುದು ನಿನಗೆ ಗೊತ್ತು. ಎಲ್ಲರಿಗಿಂತ ಹೊಸದಾಗಿ ಮದುವೆಯಾದವರಿಗೆ ಅದು. ನಾನು ಬಂದಾಗ ನನಗೆ ಎರಡು ವರ್ಷ ಸಿಕ್ಕಿತ್ತು. ಮೈದುನನ ಮದುವೆಯ ಹಿಂದಿನ ದಿನ ನಮ್ಮತ್ತೆ ಬಂದು "ಪ್ರಮೀಳಾ, ನಿನ್ ಪೆಟ್ಗೆ ನಡುಮನೆಗೆ ಎತ್ಕೊ" ಅಂದರು. ಎತ್ತಿಕೊಂಡೆ. ಹತ್ತೊಂಬತ್ತು ವರ್ಷದಿಂದ ಆ ಪೆಟ್ಟಿಗೆ ನಡುಮನೆಯಲ್ಲೇ ಇದೆ, ನಾನೂ ಅಲ್ಲೇ ಇದ್ದೇನೆ. ಈಗ ಕೋಣೆ ನಮ್ಮ ಭಾವನ ಮಗ ಕಿಶನ್ ಮತ್ತವನ ಹೆಂಡತಿ ಶ್ವೇತಳದು. ಆ ಹುಡುಗಿ ಹಗಲಲ್ಲೂ ಚಿಲಕ ಹಾಕಿಕೊಳ್ಳುತ್ತಾಳೆ. ಆ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೇಷ್ಟ್ರು ಫೋನ್ ಮಾಡಿದ್ದರು. ಮಾತಾಡಿದೆ.

ಇಂತಿ
ಪ್ರಮೀಳಾ


ಶ್ರೀರಂಗಪಟ್ಟಣ
28 ಜನವರಿ 2025

ಅಕ್ಕಾ,

ಮನೆ ಕೈತಪ್ಪಿತು.

ನಿನ್ನೆ ಅಡ್ವಾನ್ಸ್ ಹಿಡಿದುಕೊಂಡು ಹೋದರೆ ಮೇಷ್ಟ್ರು ಗೇಟಿನ ಹತ್ತಿರವೇ ನಿಲ್ಲಿಸಿಕೊಂಡರು. "ಬ್ಯಾಡ ಕಣಮ್ಮ. ನೀನು ಯುಗಾದಿಗೆ ನಾಗಮಂಗಲಕ್ಕೆ ವಾಪಸ್ ಹೋಯ್ತೀಯಂತೆ. ಗಂಡ ಹೆಂಡ್ತಿ ಒಂದಾಗೋ ಒತ್ನಲ್ಲಿ ನಾನು ಬ್ಯಾರೆ ಮನೆ ಕೊಟ್ಟು ಪಾಪ ಕಟ್ಕೊಳ್ಳಕ್ಕಿಲ್ಲ" ಅಂದರು. ಯಾರು ಹೇಳಿದರು ಎಂದು ಎಷ್ಟು ಕೇಳಿದರೂ "ನಿಮ್ ಕಡೆಯೋರೇ" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆ ಕುಮಾರ್ ಇದನ್ನು ಊರೆಲ್ಲ ಹಬ್ಬಿಸಿದ್ದಾನೆ. ಇವತ್ತು ಕೋಟೆಯ ಹತ್ತಿರ ನೋಡಲು ಹೋದ ಮನೆಯವರೂ ಅದನ್ನೇ ಅಂದರು.

ದಿಲೀಪನದೇ ಕೆಲಸ. ಇನ್ಯಾರಿಗೆ ಬೇಕಿತ್ತು ಇದು? ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿದ್ದ, ಗಿರಾಕಿಗಳಿದ್ದರು, ಅವರಮ್ಮನೂ ಇದ್ದರು. ಬಾಯಿಗೆ ಬಂದಂತೆ ಬೈದೆ. ಹೇಡಿ ಅಂದೆ. ಹೆಂಡತಿಯ ಜೊತೆ ಮಾತಾಡಲು ಬಾಯಿಲ್ಲದವನಿಗೆ ಹಿಂದಿನಿಂದ ಚಾಡಿ ಹೇಳಲು ಬಾಯಿದೆ ಅಂದೆ. ಅವನು "ನಾನಲ್ಲ ಕಣೇ, ನಾನಲ್ಲ" ಅನ್ನುತ್ತಲೇ ಇದ್ದ. ನಾನು ಬಿಡಲಿಲ್ಲ. ಐದು ವರ್ಷ ಅವನ ಮನೆಯಲ್ಲಿ ಒಂದು ಮಾತಾಡದೆ ಇದ್ದೆನಲ್ಲ, ಅದನ್ನೆಲ್ಲ ಒಂದೇ ಸಲ ಆಡಿ ಮುಗಿಸಿದೆ.

ನೀನು ಅಷ್ಟು ಚೆನ್ನಾಗಿ ಮಾತಾಡಿರುತ್ತೀಯ, ಅದೂ ದಂಡವಾಯಿತು.

ಅರ್ಪಿತ


ಬೂಕನಕೆರೆ
7 ಫೆಬ್ರವರಿ 2025

ಅರ್ಪಿ,

ಹೋಗಲಿ ಬಿಡು. ಒಂದು ಮನೆ ಹೋದರೆ ಇನ್ನೊಂದು. ಅಷ್ಟಕ್ಕೇ ಯಾಕೆ ರಂಪ ಮಾಡಿಕೊಳ್ಳುತ್ತೀಯ? ದಿಲೀಪನಿಗೆ ಅಷ್ಟೊಂದು ಅನ್ನಬಾರದಿತ್ತು. ಅವನೇ ಹೇಳಿದ್ದು ಎಂದು ನೀನು ಕಂಡೆಯಾ?

ಸ್ವಲ್ಪ ದಿನ ಪೀಜಿಯಲ್ಲೇ ಇರು. ಮೂವರು ಇದ್ದರೆ ಏನಾಯಿತು, ಇಲ್ಲಿ ನಡುಮನೆಯಲ್ಲಿ ನಾವು ಐದು ಜನ ಮಲಗುವುದಿಲ್ಲವೇ?

ಹಾಲು ಕರೆಯುವ ಹೊತ್ತಾಯಿತು, ಹಸು ಕೂಗುತ್ತಿದೆ. ಒಂದು ಲೀಟರ್ ತುಪ್ಪ ಇಟ್ಟಿದ್ದೇನೆ.

ಪ್ರಮೀಳಾ


ಶ್ರೀರಂಗಪಟ್ಟಣ
22 ಫೆಬ್ರವರಿ 2025

ಅಕ್ಕಾ,

ನಿನ್ನ ಕಾಗದ ಓದಿ ಬೇಜಾರಾಯಿತು. ಎಂದೂ ಹೀಗೆ ಚುಟುಕಾಗಿ ಬರೆದವಳಲ್ಲ ನೀನು.

ದಿಲೀಪ ತಿರುಗಿಬಿದ್ದಿದ್ದಾನೆ. ಲಾಯರಿಗೆ ಫೋನ್ ಮಾಡಿ, "ಮಾಡ್ದೇ ಇರೋ ತಪ್ಪಿಗೆ ಅಂಗಡಿ ತುಂಬ ಜನದ ಮುಂದೆ ಮರ್ವಾದೆ ಕಳೆದ್ಬುಟ್ಲು. ನಾನು ಕೋರ್ಟಿಗೂ ಬರಕ್ಕಿಲ್ಲ, ಒಪ್ಪಿಗೇನೂ ಕೊಡಕ್ಕಿಲ್ಲ" ಅಂದನಂತೆ. ಅವನು ಬರದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಮತ್ತೆ ಮೊದಲಿನಿಂದ ಕೇಸು, ಎಷ್ಟು ವರ್ಷವೋ ಗೊತ್ತಿಲ್ಲ ಅನ್ನುತ್ತಾರೆ ಲಾಯರು. ಇತ್ತ ಮನೆಯೂ ಇಲ್ಲ, ಅತ್ತ ಬಿಡುಗಡೆಯೂ ಇಲ್ಲ.

ಒಂದೇ ಒಂದು ಸಮಾಧಾನ. ಕೋಟೆಯೊಳಗೆ ರೆಹಮತುನ್ನೀಸಾ ಎಂಬ ಹೆಂಗಸಿದ್ದಾರೆ. ಅವರ ಗಂಡ ಖಲಂದರ್ ಸಾಹೇಬರ ಸೈಟು ಅಳೆಯಲು ಹೋಗಿದ್ದಾಗ ಪರಿಚಯ. ಅವರದೂ ಮೇಲೆ ಒಂದು ಬೆಡ್‌ರೂಮಿನ ಮನೆ ಇದೆ, ಮಗ ಏಪ್ರಿಲ್‌ನಲ್ಲಿ ಖಾಲಿ ಮಾಡುತ್ತಾನಂತೆ. ಯಾರನ್ನೂ ವಿಚಾರಿಸಲಿಲ್ಲ ಅಕ್ಕ. "ಮನ್ಷಾ ಎದುರಿಗೇ ಕೂತವ್ಳೆ, ಊರೋರ್ನ ಯಾಕೆ ಕೇಳ್ಬೇಕು ಬೇಟಿ?" ಅಂದರು. ಆದರೆ ಖಲಂದರ್ ಸಾಹೇಬರಿಗೆ ಕೋರ್ಟಿನದು ಇತ್ಯರ್ಥವಾಗಲಿ ಎಂದಿದೆ. ನಾಳೆ ಗಂಡ ಬಂದು ಗೇಟಲ್ಲಿ ಗಲಾಟೆ ಮಾಡಿದರೆ ಎಂಬ ಹೆದರಿಕೆ ಅವರಿಗೆ.

ಈಗ ದಿನಾ ಸಂಜೆ ಅವರ ಮನೆಯಲ್ಲೇ ಚಹಾ. ನನಗೆ ಅವ್ವ ಇದ್ದಿದ್ದರೆ ಹೇಳಿಕೊಳ್ಳುತ್ತಿದ್ದದ್ದನ್ನೆಲ್ಲ ಅವರಿಗೆ ಹೇಳುತ್ತೇನೆ. ನನ್ನ ತಲೆಗೆ ಎಣ್ಣೆ ಹಚ್ಚಿ ಬೈಯುತ್ತಾರೆ. ನಿನಗೆ ಅವರನ್ನು ಒಮ್ಮೆ ತೋರಿಸಬೇಕು.

ಅರ್ಪಿತ


ಬೂಕನಕೆರೆ
5 ಮಾರ್ಚ್ 2025

ಅರ್ಪಿತ,

ಈ ಕಾಗದವನ್ನು ಕೂತುಕೊಂಡು ಓದು.

ಮೇಷ್ಟ್ರಿಗೆ ಹೇಳಿದ್ದು ದಿಲೀಪನಲ್ಲ. ನಾನು.

ಅವರ ಫೋನ್ ಬಂದಾಗ ಎಲ್ಲರ ಊಟವಾಗಿ ನಾನೊಬ್ಬಳು ತಟ್ಟೆ ಹಾಕಿಕೊಂಡಿದ್ದೆ. ನಿನ್ನ ಬಗ್ಗೆ ಒಳ್ಳೆಯದನ್ನೇ ಹೇಳಲು ಶುರು ಮಾಡಿದೆ, ಅವ್ವನಾಣೆ. ಅವರು ಸುಮ್ಮನಿರದೆ, "ಹೊಸಾ ಬಣ್ಣ ಹೊಡೆಸ್ತಾ ಇದೀನಿ ಕಣಮ್ಮ, ಯಾವ ಬಣ್ಣ ಬೇಕು ಅಂತ ನಿಮ್ ತಂಗೀನೇ ಕೇಳ್ತೀನಿ" ಅಂದರು. ಅಷ್ಟೇ. ಒಬ್ಬಳ ಗೋಡೆಗೆ ಯಾವ ಬಣ್ಣ ಬೇಕು ಎಂದು ಕೇಳುತ್ತಾರಂತೆ! ನನ್ನನ್ನು ಈ ಮನೆಯಲ್ಲಿ ಇಪ್ಪತ್ತೊಂದು ವರ್ಷದಲ್ಲಿ ಯಾರೂ ಏನೂ ಕೇಳಿಲ್ಲ. ಬಾಯಿ ತಾನಾಗಿ ಆಡಿಬಿಟ್ಟಿತು, "ತಪ್ಪು ತಿಳ್ಕೋಬ್ಯಾಡಿ ಮೇಷ್ಟ್ರೆ, ಗಂಡ ಹೆಂಡ್ತಿ ಜಗಳ, ಇವತ್ತಲ್ಲ ನಾಳೆ ಸರಿ ಹೋಯ್ತದೆ. ಯುಗಾದಿಗೆ ಅವ್ಳು ನಾಗಮಂಗಲಕ್ಕೆ ಹೋಗೋಳೇಯ. ಎರಡು ತಿಂಗ್ಳಿಗೆ ಬಣ್ಣ ಗಿಣ್ಣ ಯಾಕೆ ಹೊಡೆಸ್ತೀರಾ?"

ಅವರು "ಒಳ್ಳೇದಾಯ್ತು ಬುಡಮ್ಮ, ದೇವ್ರು ಒಂದು ಮಾಡ್ಲಿ" ಎಂದು ಫೋನ್ ಇಟ್ಟರು. ನಮ್ಮತ್ತೆ ಕೇಳಿಸಿಕೊಂಡಿದ್ದರು. "ದೊಡ್ಡೋಳಾಗಿ ಒಳ್ಳೇ ಮಾತಾಡ್ದೆ" ಎಂದು ಹೊಗಳಿದರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಒಂದು ವಾರ ನನಗೆ ನಾನೇ ಸುಳ್ಳು ಹೇಳಿಕೊಂಡೆ. ತಂಗಿಯ ಸಂಸಾರ ಸರಿಹೋಗಲಿ ಎಂದು ಹಾಗಂದೆ, ತಪ್ಪೇನು ಎಂದುಕೊಂಡೆ. ಸುಳ್ಳು. ನೀನು ದಿಲೀಪನ ಮನೆಗೆ ಹೋಗಲಿ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಆ ಮನೆ ನಿನಗೆ ಸಿಗಬಾರದು ಅನ್ನಿಸಿತ್ತು. ಅಷ್ಟೇ ಅನ್ನಿಸಿದ್ದು. ನೀನು ಬಾಗಿಲು ಹಾಕಿಕೊಂಡು, ಕಾಲು ಚಾಚಿಕೊಂಡು, ಬೇಕಾದಾಗ ಎದ್ದು ಬೇಕಾದ್ದು ಬೇಯಿಸಿಕೊಂಡು ಇರುವುದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ನಿನ್ನ ಓದಿಗೆ, ಕೆಲಸಕ್ಕೆ, ಸ್ಕೂಟರಿಗೆ ನನಗೆ ಹೊಟ್ಟೆಕಿಚ್ಚು ಬಂದಿರಲಿಲ್ಲ. ಈ ಕೋಣೆಗೆ ಬಂತು.

ಮನೆ ಹೋದದ್ದು ಗೊತ್ತಾದಾಗಲೂ ಬಾಯಿ ಬಿಡಲಿಲ್ಲ. ಅರ್ಜಿ ಬೀಳುತ್ತದೆ ಎಂದು ನೀನು ಬರೆದ ಮೇಲೆ ಮಾತ್ರ ಹೆದರಿಕೆಯಾಯಿತು. ಸೋಮವಾರ ಡೇರಿ ಮೀಟಿಂಗ್ ಎಂದು ಮನೆಯಲ್ಲಿ ಹೇಳಿ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ನಾಗಮಂಗಲದ ಬಸ್ಸು ಹತ್ತಿದೆ. ದಿಲೀಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಅವನೂ ಅವರಮ್ಮನೂ ಇದ್ದರು, ಮೊಳೆ ತೂಗಿಸಿಕೊಳ್ಳುತ್ತಿದ್ದ ಇಬ್ಬರು ಗಿರಾಕಿಗಳೂ ಇದ್ದರು. ನೀನು ಬೈದದ್ದು ಜನರ ಮುಂದೆ ತಾನೆ? ನಾನೂ ಅವರ ಮುಂದೆಯೇ ಹೇಳಿದೆ. "ಆ ಮಾತಾಡ್ದೋಳು ನಾನು ಕಣಪ್ಪ. ಅವ್ಳಿಗೆ ಗೊತ್ತಿಲ್ಲ. ನಿನ್ ಕೈ ಮುಗೀತೀನಿ, ಕೋರ್ಟಿಗೆ ಬಾ" ಅಂದೆ.

ಅವರಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅವನು ಸ್ಟೂಲು ಎಳೆದು ಕೂರಿಸಿದ. ಗಿರಾಕಿಗಳ ಮೊಳೆ ತೂಗಿ ಕಳಿಸಿ, "ಅವ್ಳಿಗೆ ನೀವೇ ಹೇಳ್ತೀರಾ?" ಅಂದ. ಹೇಳುತ್ತೇನೆ ಅಂದೆ. "ಅಂಗಾರೆ ನಾನ್ ಬತ್ತೀನಿ. ಅಕ್ಕಾ, ನಮ್ಮನೇಲಿ ಇದ್ದಷ್ಟು ದಿನ ಅವ್ಳು ನಿಮ್ಮ ಹೆಸ್ರು ಒಂದು ಬಿಟ್ರೆ ಯಾರ ಹೆಸ್ರೂ ಎತ್ತಿದೋಳಲ್ಲ" ಅಂದ. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮೇಷ್ಟ್ರಿಗೂ ಫೋನ್ ಮಾಡಿ ನಿಜ ಹೇಳಿದೆ. ಮಹಡಿಯನ್ನು ಯಾರೋ ಗಂಡ ಹೆಂಡತಿಗೆ ಕೊಟ್ಟಾಯಿತಂತೆ. ಅದಕ್ಕೆ ನಾನೇನೂ ಮಾಡಲಾರೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ. ಆ ರೆಹಮತುನ್ನೀಸಾ ನಿನ್ನ ತಲೆಗೆ ಎಣ್ಣೆ ಹಚ್ಚುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಲೂ ಹೊಟ್ಟೆ ಉರಿಯಿತು. ನಮ್ಮ ತವರು ಸಿಂಧಘಟ್ಟದಲ್ಲಿ ಅವ್ವ ಸತ್ತ ಮೇಲೆ ನಿನ್ನ ತಲೆ ಬಾಚಿದವಳು ನಾನು.

ಬೈಯುವುದಾದರೆ ಬೈದು ಬರೆ. ಬರೆಯದೆ ಇರಬೇಡ.

ನಿನ್ನ ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ.
ಪ್ರಮೀಳಾ


ಬೂಕನಕೆರೆ
3 ಏಪ್ರಿಲ್ 2025

ಅರ್ಪಿ,

ಕಾಗದ ನಿನ್ನ ಕೈಗೇ ಕೊಟ್ಟೆ ಎಂದು ಮುಬಾರಕ್ ಆಣೆ ಮಾಡುತ್ತಾನೆ. "ಓದಿದ್ರು ಅಕ್ಕಾ. ಓದಿ ಗಾಡಿ ಹತ್ಕಂಡು ಹೊಂಟೋದ್ರು" ಅಂದ. ಕೋರ್ಟಿಗೆ ದಿಲೀಪ ಬಂದನೇ? ಅದನ್ನಾದರೂ ಬರೆ. ಹಬ್ಬಕ್ಕೆ ಕಳಿಸಿದ ಒಬ್ಬಟ್ಟನ್ನು ನೀನು ವಾಪಸ್ಸು ಕಳಿಸಿದ್ದೀಯ. ನಾನೇ ತಿಂದೆ.

ಪ್ರಮೀಳಾ


ಶ್ರೀರಂಗಪಟ್ಟಣ, ಕೋಟೆ
19 ಮೇ 2025

ಅಕ್ಕಾ,

ದಿಲೀಪ ಬಂದಿದ್ದ. ಜಡ್ಜ್ ಕೇಳಿದ್ದಕ್ಕೆಲ್ಲ ಒಪ್ಪಿಗೆ ಅಂದ. ಹೊರಗೆ ಹುಣಸೆಮರದ ಕೆಳಗೆ ನಾನು ಅವನ ಕ್ಷಮೆ ಕೇಳಿದೆ. "ಆಯ್ತು ಬುಡು" ಅಂದು ಸ್ಕೂಟರ್ ಹತ್ತಿದ. ಮುಗಿಯಿತು.

ಮೇ ಒಂದಕ್ಕೆ ರೆಹಮತುನ್ನೀಸಾ ಆಂಟಿಯ ಮಹಡಿಗೆ ಬಂದೆ. ಬಾಡಿಗೆ ಐದೂವರೆ. ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ. ಕಿಟಕಿ ಪಶ್ಚಿಮಕ್ಕೆ, ಮಧ್ಯಾಹ್ನ ಕಾದ ಹೆಂಚು. ಆದರೂ ನನ್ನದು.

ಎರಡೂವರೆ ತಿಂಗಳು ನಿನಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಹತ್ತು ಕಾಗದ ಬರೆದು ಹರಿದೆ. ಮನೆ ಹೋದದ್ದಕ್ಕೆ ನನಗೆ ಕೋಪವಿಲ್ಲ. ಮೇಷ್ಟ್ರು "ನಿಮ್ಮ ಕಡೆಯವರು ಯಾರಿದ್ದಾರೆ" ಎಂದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ, ಬಾಯಿಪಾಠವಿದ್ದ ಒಂದೇ ನಂಬರ್ ಹೇಳಿದೆ. ನನ್ನ ಪರವಾಗಿ ಮಾತಾಡುವವರು ಇಡೀ ಜಿಲ್ಲೆಯಲ್ಲಿ ಒಬ್ಬಳೇ ಎಂದು ಎಣಿಸಿದ್ದೆ. ಅದಕ್ಕೆ ಕೋಪ. ನೀನು ಆಡಿದ ಮಾತಿಗೆ ಪಾಪದ ದಿಲೀಪನನ್ನು ಅಷ್ಟು ಬೈದೆನಲ್ಲ, ಅದಕ್ಕೂ ಕೋಪ. ಅದು ಇನ್ನೂ ಇಳಿದಿಲ್ಲ. ಇಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಆದರೆ ಇಲ್ಲಿಗೆ ಬಂದ ಮೊದಲ ಭಾನುವಾರ ಬಾಗಿಲು ಹಾಕಿಕೊಂಡು ಮಧ್ಯಾಹ್ನವೆಲ್ಲ ಮಲಗಿದೆ. ಎದ್ದಾಗ ನಿನ್ನ ಮೇಲೆ ಸಿಟ್ಟು ಬರುವ ಬದಲು ಅಳು ಬಂತು. ಹತ್ತೊಂಬತ್ತು ವರ್ಷ ಎಂದರೆ ಎಷ್ಟು ಎಂದು ಆವತ್ತು ಅರ್ಥವಾಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂದಿನ ವಾರ ಮಂಗಳವಾರ ನನಗೆ ಪಾಂಡವಪುರದ ಕಡೆ ಅಳತೆಯ ಕೆಲಸ, ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಐದೂವರೆಗೆ ಬರುವುದು. ಬೀಗದ ಕೈ ಆಂಟಿಯ ಹತ್ತಿರ ಇರುತ್ತದೆ. ನೀನು ಬಾ. ಮಲಗು, ಅಡುಗೆ ಮಾಡಿಕೊ, ಸುಮ್ಮನೆ ಕೂತುಕೊ, ಏನಾದರೂ ಮಾಡು. ಯಾರೂ ಮೇಲೆ ಬರುವುದಿಲ್ಲ. ಐದಕ್ಕೆ ಮನೆ ಬಿಟ್ಟು ಹೊರಡು. ನಿನ್ನ ಮುಖ ನೋಡಲು ನನಗೆ ಇನ್ನೂ ಆಗುವುದಿಲ್ಲ.

ಅರ್ಪಿತ


ಶ್ರೀರಂಗಪಟ್ಟಣ, ಕೋಟೆ
ಮಂಗಳವಾರ, 27 ಮೇ 2025
ಸಂಜೆ ನಾಲ್ಕೂ ಮುಕ್ಕಾಲು

ಅರ್ಪಿ,

ಬಂದಿದ್ದೆ. ಮನೆಯಲ್ಲಿ ಕಣ್ಣಿನ ಆಸ್ಪತ್ರೆಗೆ ಎಂದು ಹೇಳಿದೆ. ಒಂಬತ್ತೂವರೆಗೆ ಒಳಗೆ ಬಂದು ಚಿಲಕ ಹಾಕಿಕೊಂಡೆ. ಅಡುಗೆ ಮಾಡಲಿಲ್ಲ. ಆಸೆಯಿಂದ ತಂದಿದ್ದ ಮೊಟ್ಟೆಯನ್ನೂ ಬೇಯಿಸಿಕೊಳ್ಳಲಿಲ್ಲ. ಸೀರೆ ಬಿಚ್ಚಿ ಲಂಗದಲ್ಲೇ ಫ್ಯಾನಿನ ಕೆಳಗೆ ನೆಲದ ಮೇಲೆ ಬಿದ್ದುಕೊಂಡೆ. ಯಾರೂ "ಪ್ರಮೀಳಾ" ಎಂದು ಕೂಗಲಿಲ್ಲ. ಹತ್ತು ಗಂಟೆಗೆ ಮಲಗಿದವಳು ಎದ್ದಾಗ ಮೂರೂವರೆ. ಯಾವ ಊರಲ್ಲಿದ್ದೇನೆ ಎಂದು ಒಂದು ಗಳಿಗೆ ತಿಳಿಯಲಿಲ್ಲ.

ನಿನ್ನ ಮನೆ ಚೆನ್ನಾಗಿದೆ. ಗಂಜಾಂನದು ಇದಕ್ಕಿಂತ ಚೆನ್ನಾಗಿತ್ತೇನೋ, ಅದನ್ನು ತಪ್ಪಿಸಿದವಳು ನಾನು, ಆ ಮಾತು ನನ್ನ ಬಾಯಲ್ಲಿ ಬರಬಾರದು. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಇಲ್ಲೇ ಇದೆ, ಈಗ ಜಾಸ್ತಿಯೇ ಆಗಿದೆ. ಕೆಳಗಿನಿಂದ ಆಂಟಿ ಚಹಾ ತಂದು ಬಾಗಿಲ ಹೊರಗೇ ಇಟ್ಟು, ತಟ್ಟದೆ ಹೋಗಿದ್ದರು. ಅಷ್ಟು ಒಳ್ಳೆಯವರು. ಅದನ್ನೂ ನನಗೆ ಸಹಿಸಲಾಗಲಿಲ್ಲ ನೋಡು.

ನೀನು ಹೇಳಿದಂತೆ ಐದಕ್ಕೆ ಮನೆಗೆ ಬೀಗ ಹಾಕುತ್ತೇನೆ. ಆದರೆ ಊರಿಗೆ ಹೊರಡುವುದಿಲ್ಲ. ಮೆಟ್ಟಿಲು ಬಾಡಿಗೆಗೆ ಸೇರಿದೆಯೇ ಎಂದು ಆಂಟಿಯನ್ನು ಕೇಳಿದೆ. "ನೈ, ಮೆಟ್ಲು ನಂದು. ಎಷ್ಟೊತ್ತು ಬೇಕಾದ್ರೂ ಕೂತ್ಕೊ" ಅಂದರು. ಮೂರನೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಈ ಚೀಟಿಯನ್ನು ಅವರು ನಿನಗೆ ಗೇಟಿನಲ್ಲೇ ಕೊಡುತ್ತಾರೆ. ಮುಖ ನೋಡಲು ಆಗದಿದ್ದರೆ ನೋಡಬೇಡ, ನನ್ನನ್ನು ದಾಟಿಕೊಂಡು ಮೇಲೆ ಹೋಗಿ ಚಿಲಕ ಹಾಕಿಕೊ. ಆರೂ ಕಾಲಿಗೆ ನನ್ನ ಬಸ್ಸು. ಅಲ್ಲಿಯವರೆಗೂ ಬಾಗಿಲ ಹೊರಗೆ ನಿನ್ನ ಅಕ್ಕ ಇರುತ್ತಾಳೆ.

ಪ್ರಮೀಳಕ್ಕ